ಲೆಕ್ಕದ ಕೊನೆಯ ಮೆಟ್ಟಿಲು

ಬೀಜಗಣಿತದ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ಕ್ರಮವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಆದರೆ ಕೊನೆಯ ಮೆಟ್ಟಿಲೊಂದನ್ನು ಬಹುಮಂದಿ ಏರದೆಯೇ ಬಿಟ್ಟುಬಿಡುವುದುಂಟು. ಅದರ ವಿಚಾರವಾಗಿ ಈ ಹೊತ್ತು ಎರಡು ಮಾತುಗಳನ್ನು ಅರಿಕೆಮಾಡುತ್ತೇನೆ.

1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಕಪಿಗಳ ಹಿಂಡನ್ನು ಕುರಿತ ಒಂದು ಪ್ರಶ್ನೆಯಿದೆ. ಹಿಂಡಿನ ಐದನೆಯ ಒಂದು ಪಾಲಿನಿಂದ ಮೂರನ್ನು ಕಳೆದು, ಉಳಿದುದನ್ನು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಹಾಗಾದರೆ ಹಿಂಡಿನಲ್ಲಿ ಕಪಿಗಳೆಷ್ಟು?

ಹಿಂಡಿನ ಸಂಖ್ಯೆಯನ್ನು ‘ಯ’ ಎಂದು ಇಟ್ಟುಕೊಳ್ಳೋಣ. ಆಗ ಸಮೀಕರಣವು ಹೀಗಾಗುತ್ತದೆ:

(ಯ/5 − 3)² + 1 = ಯ

ಎರಡು ಪಕ್ಷಗಳನ್ನೂ 25ರಿಂದ ಗುಣಿಸಿ, ಸಜಾತೀಯ ಪದಗಳನ್ನು ಒಂದೆಡೆಗೆ ತಂದರೆ:

ಯ² − 55ಯ = −250

ಮುಂದಿನ ದಾರಿಯನ್ನು ಭಾಸ್ಕರರಿಗಿಂತ ಹಿಂದಿನವರಾದ ಶ್ರೀಧರಾಚಾರ್ಯರು ತೋರಿಸಿಕೊಟ್ಟಿದ್ದಾರೆ. ಅದರಂತೆ ಎರಡು ಪಕ್ಷಗಳನ್ನೂ 4ರಿಂದ ಗುಣಿಸಿ, 55ರ ವರ್ಗವಾದ 3025ನ್ನು ಕೂಡಿಸತಕ್ಕದ್ದು. ಎಡಪಕ್ಷವು ಪೂರ್ಣವರ್ಗವಾಗುತ್ತದೆ:

(2ಯ − 55)² = 2025

2025ರ ವರ್ಗಮೂಲ 45. ಅದು ಧನವಾಗಿಯೂ ಇರಬಹುದು, ಋಣವಾಗಿಯೂ ಇರಬಹುದು. ಆದುದರಿಂದ ‘ಯ’ದ ಬೆಲೆ 50 ಅಥವಾ 5.

ಹಲವು ವರ್ಷಗಳ ಹಿಂದೆ ಇದೇ ಲೆಕ್ಕವನ್ನು ಬಿಡಿಸಿದ ಒಬ್ಬ ಹುಡುಗನು, “ಸಾರ್, 5 ಏಕಾಗಬಾರದು?” ಎಂದು ನನ್ನನ್ನು ಕೇಳಿದನು. ಗಂಟೆ ಹೊಡೆಯುವ ಹೊತ್ತು. “ಪುಸ್ತಕದಲ್ಲಿ ಉತ್ತರ 50 ಎಂದಿದೆ, ಇನ್ನೊಂದನ್ನು ಹೊಡೆದುಹಾಕು” ಎಂದುಬಿಟ್ಟೆ. ಅವನು ಹೊಡೆದುಹಾಕಿದನು, ಆಮೇಲೆ ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದನು.

ನಾನು ಹೇಳಬೇಕಾಗಿದ್ದುದು ಇಷ್ಟೆ. ಉತ್ತರಗಳೆರಡನ್ನೂ ಮತ್ತೆ ಪ್ರಶ್ನೆಯ ಬಳಿಗೆ ಕೊಂಡೊಯ್ಯಬೇಕು. 50ರ ಐದನೆಯ ಪಾಲು 10. ಮೂರು ಕಳೆದರೆ 7. ಅದರ ವರ್ಗ 49. ಕೊಂಬೆಯ ಮೇಲಿನ ಒಂದನ್ನು ಸೇರಿಸಿದರೆ 50. ಸರಿಯಾಯಿತು. 5ರ ಐದನೆಯ ಪಾಲು 1. ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದೆಂತು? ಬರುವುದು ಋಣ 2. ಅದನ್ನು ವರ್ಗಮಾಡಿದೊಡನೆ ಋಣಚಿಹ್ನೆ ಅಳಿದು 4 ಆಗುತ್ತದೆ, ದೋಷವು ಮರೆಯಾಗುತ್ತದೆ. ಸಮೀಕರಣ ಒಪ್ಪಿದರೂ ಪ್ರಶ್ನೆ ಒಪ್ಪುವುದಿಲ್ಲ. ಇಂಥ ಋಣಸಂಖ್ಯೆ ಲೋಕಕ್ಕೆ ಸಮ್ಮತವಲ್ಲವೆಂದು ಭಾಸ್ಕರರೇ ಈ ಉತ್ತರವನ್ನು ಬಿಟ್ಟಿದ್ದಾರೆ.

ಹಾಗೆಂದು ಎರಡನೆಯ ಉತ್ತರವನ್ನು ಯಾವಾಗಲೂ ಬಿಡತಕ್ಕದ್ದೆಂದಲ್ಲ. ಅದೇ ಗ್ರಂಥದ ಇನ್ನೊಂದು ಹಿಂಡಿನಲ್ಲಿ, ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ವನದಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಅಲ್ಲಿ 48, 16 ಎರಡೂ ಸಲ್ಲುತ್ತವೆ. ಬೇಕಾದವರು ಮನೆಯಲ್ಲಿ ಪರೀಕ್ಷಿಸಬಹುದು.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪುಸ್ತಕದ ಕೊನೆಯ ಪುಟವು ಹೇಳಬೇಕಾಗಿಲ್ಲ, ಪ್ರಶ್ನೆಯೇ ಹೇಳುತ್ತದೆ. ನಿಮ್ಮ ಮಕ್ಕಳು “ಇದೇಕಾಗಬಾರದು?” ಎಂದು ಕೇಳಿದಾಗ, ದಯವಿಟ್ಟು ಗಂಟೆಯ ಕಡೆಗೆ ನೋಡಬೇಡಿ.