ಉಪಕಾರಿ ಕೀಟಗಳು: ಪರತಂತ್ರ ಕಣಜ ಮತ್ತು ಮಿಂಚುಹುಳು

ಹೊಲ, ತೋಟಗಳಲ್ಲಿ ಕಂಡುಬರುವ ಎಲ್ಲ ಕೀಟಗಳೂ ಬೆಳೆಗೆ ಹಾನಿಕಾರಕವಲ್ಲ. ರೈತರಿಗೆ ಉಪಕಾರಿಯಾದ ಎರಡು ಕೀಟಗಳ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

ಪರತಂತ್ರ ಕಣಜ: ಟ್ರೈಕೋಗ್ರಾಮ ಕಣಜವು ಸುಮಾರು ಅರ್ಧ ಮಿಲಿಮೀಟರ್ ಉದ್ದವಿದ್ದು, ಕಬ್ಬಿನ ಕೊರಕ ಮುಂತಾದ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಕಣಜದ ಮರಿಯು ಒಳಗಿನ ಸಾರವನ್ನು ತಿಂದು ಬೆಳೆಯುವುದರಿಂದ ಪೀಡೆಯು ಹುಳುವಾಗುವ ಮೊದಲೇ ನಾಶವಾಗುತ್ತದೆ.

ಮಿಂಚುಹುಳು: ಇದು ದುಂಬಿ ಜಾತಿಗೆ ಸೇರಿದೆ. ಲೂಸಿಫೆರಿನ್ ಎಂಬ ವಸ್ತುವು ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ವರ್ತಿಸಿ, ಶಾಖವಿಲ್ಲದ ಬೆಳಕನ್ನು ಹೊರಸೂಸುತ್ತದೆ. ಈ ಬೆಳಕು ಸಂಗಾತಿಗೆ ನೀಡುವ ಸಂಕೇತವಾಗಿರುತ್ತದೆ. ಹಲವು ಪ್ರಭೇದಗಳ ಮರಿಗಳು ಬಸವನಹುಳುಗಳನ್ನು ಬೇಟೆಯಾಡಿ ತಿನ್ನುತ್ತವೆ.

ವ್ಯತ್ಯಾಸ: ಕಣಜದ ಮರಿಯು ಒಂದೇ ಆಶ್ರಯದಾತ ಕೀಟದೊಳಗೆ ಬೆಳೆದರೆ, ಮಿಂಚುಹುಳುವಿನ ಮರಿಯು ಸ್ವತಂತ್ರವಾಗಿ ಸಂಚರಿಸಿ ಬೇಟೆಯಾಡುತ್ತದೆ. ಟ್ರೈಕೋಗ್ರಾಮವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಟ್ರೈಕೋಕಾರ್ಡ್ ಮೂಲಕ ಹೊಲಕ್ಕೆ ಬಿಡಲಾಗುತ್ತದೆ. ಮಿಂಚುಹುಳುವನ್ನು ತೇವಭರಿತ ಮಣ್ಣು ಹಾಗೂ ರಾತ್ರಿಯ ಕತ್ತಲೆಯನ್ನು ಕಾಪಾಡುವ ಮೂಲಕ ಅದರ ನೆಲೆಯಲ್ಲಿಯೇ ಉಳಿಸಿಕೊಳ್ಳಬೇಕಾಗುತ್ತದೆ.

ಪ್ರಯೋಜನ: 2008ರಲ್ಲಿ ತಮಿಳುನಾಡಿನಲ್ಲಿ ವರದಿಯಾದ ಪಪ್ಪಾಯ ಹಿಟ್ಟು ತಿಗಣೆಯು ಹಿಪ್ಪುನೇರಳೆಯನ್ನೂ ಬಾಧಿಸಿತು. ಮೈಮೇಲಿನ ಮೇಣದ ಪುಡಿಯಿಂದಾಗಿ ಕೀಟನಾಶಕಗಳಿಗೆ ಸುಲಭವಾಗಿ ಬಗ್ಗದ ಈ ಪೀಡೆಯನ್ನು, 2010ರಲ್ಲಿ ಪೋರ್ಟೊರಿಕೊದಿಂದ ತರಿಸಲಾದ ಅಸೆರೋಫೇಗಸ್ ಎಂಬ ಪರತಂತ್ರ ಕಣಜವು ಹತೋಟಿಗೆ ತಂದಿತು.

ಸೂಚನೆ: ವಿವೇಚನೆಯಿಲ್ಲದ ಕೀಟನಾಶಕ ಸಿಂಪರಣೆಯಿಂದ ಈ ಎರಡೂ ಕೀಟಗಳು ಸಾಯುತ್ತವೆ. ಟ್ರೈಕೋಕಾರ್ಡ್ ಕಟ್ಟಿದ ಹೊಲದಲ್ಲಿ ಕಣಜಗಳು ಹೊರಬರುವ ಅವಧಿಯಲ್ಲಿ ಸಿಂಪರಣೆ ಮಾಡಬಾರದು. ಕಾರ್ಡ್‌ಗಳ ಲಭ್ಯತೆ ಮತ್ತು ಬಳಕೆಯ ಕ್ರಮದ ಬಗ್ಗೆ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.