ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಸಮವಾಗಿಡಿ: ಮಕ್ಕಳ ವಿಜ್ಞಾನ ಪ್ರಯೋಗದಲ್ಲಿ ನ್ಯಾಯ

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳಿಗಿಂತ ಹೆತ್ತವರಿಗೇ ಗಡಿಬಿಡಿ ಹೆಚ್ಚು. ಹಿಂದಿನ ರಾತ್ರಿ ಥರ್ಮಕೋಲ್, ಬಣ್ಣ, ಅಂಟು ಎಂದು ಪೇಟೆಗೆ ಓಡಾಟ. ತೀರ್ಪುಗಾರರಾಗಿ ಕರೆದಾಗ ನಾವೂ ಇಂತಹ ಪ್ರದರ್ಶನಗಳಿಗೆ ಹೋದದ್ದುಂಟು. ಒಮ್ಮೆ ಆರನೇ ತರಗತಿಯ ಹುಡುಗನೊಬ್ಬ ಎರಡು ಕುಂಡಗಳಲ್ಲಿ ಬೆಂಡೆ ಗಿಡ ಬೆಳೆಸಿ ತಂದಿದ್ದ. ಗೊಬ್ಬರ ಹಾಕಿದ ಗಿಡ ಸೊಂಪಾಗಿತ್ತು, ಹಾಕದ್ದು ಸೊರಗಿತ್ತು.

"ಎರಡಕ್ಕೂ ಒಂದೇ ಸಮ ನೀರು ಹಾಕಿದೆಯಾ?" ಎಂದು ಕೇಳಿದೆವು.

"ಇಲ್ಲ ಫಾದರ್, ಇದು ಬಾವಿಕಟ್ಟೆ ಹತ್ತಿರ ಇತ್ತು, ದಿನಾ ಹಾಕಿದೆ. ಅದು ಕೊಟ್ಟಿಗೆ ಹಿಂದೆ ಇತ್ತು, ನೆನಪಾದಾಗ ಹಾಕಿದೆ" ಎಂದ.

ಹುಡುಗನ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಯಿತು. ಆದರೆ ಅವನ ಗಿಡಗಳು ಏನನ್ನೂ ಸಾಬೀತು ಮಾಡಲಿಲ್ಲ. ಗಿಡ ಸೊಂಪಾದದ್ದು ಗೊಬ್ಬರದಿಂದಲೋ, ನೀರಿನಿಂದಲೋ, ಬಿಸಿಲಿನಿಂದಲೋ? ಮೂರೂ ಬೇರೆ ಬೇರೆಯಾಗಿರುವಾಗ ಉತ್ತರ ಹೇಳುವುದು ಸಾಧ್ಯವಿಲ್ಲ.

ಮೂರು ಪ್ರಶ್ನೆಗಳು

ಪ್ರಯೋಗದಲ್ಲಿ ಬದಲಾಗಬಲ್ಲ ಪ್ರತಿಯೊಂದು ಅಂಶಕ್ಕೂ 'ಚರ' ಎಂದು ಹೆಸರು. ಹೆಸರು ಕಠಿಣವೆನಿಸಿದರೂ ವಿಷಯ ಸರಳ. ಪ್ರಯೋಗಕ್ಕೆ ಮುನ್ನ ಮಗು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ. ಒಂದು, ನಾನು ಬದಲಿಸುವುದು ಯಾವುದನ್ನು? ಇದು ಸ್ವತಂತ್ರ ಚರ. ಎರಡು, ನಾನು ಅಳೆಯುವುದು ಅಥವಾ ಎಣಿಸುವುದು ಯಾವುದನ್ನು? ಇದು ಅವಲಂಬಿತ ಚರ. ಮೂರು, ಸಮವಾಗಿ ಇಡಬೇಕಾದವು ಯಾವುವು? ಇವು ನಿಯಂತ್ರಿತ ಚರಗಳು.

ಮೀನು ಮಾರುಕಟ್ಟೆಯಲ್ಲಿ ತಕ್ಕಡಿಯ ಒಂದು ತಟ್ಟೆಯ ಅಡಿಗೆ ಮೊದಲೇ ಕಲ್ಲು ಅಂಟಿಸಿದ್ದರೆ ತೂಕ ಸರಿ ಬರುವುದೇ? ಪ್ರಯೋಗವೂ ಹಾಗೆಯೇ. ಬದಲಿಸುವ ಅಂಶ ಒಂದೇ ಇದ್ದು ಉಳಿದವು ಸಮವಾಗಿದ್ದರೆ ಮಾತ್ರ ಅದು ನ್ಯಾಯವಾದ ಪ್ರಯೋಗ.

ಇಬ್ಬರು ಧರ್ಮಗುರುಗಳ ವಾದ

ಈ ಪಾಠವನ್ನು ಜಗತ್ತಿಗೆ ಚೆನ್ನಾಗಿ ಕಲಿಸಿದವರಲ್ಲಿ ಇಬ್ಬರು ಕಥೋಲಿಕ ಗುರುಗಳು ಸೇರಿದ್ದಾರೆಂಬುದು ನಮ್ಮವರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಹದಿನೆಂಟನೇ ಶತಮಾನದಲ್ಲಿ, ಕೊಳೆಯುವ ವಸ್ತುವಿನಿಂದ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆಯೇ ಎಂಬ ಚರ್ಚೆ ಯುರೋಪಿನಲ್ಲಿ ಜೋರಾಗಿತ್ತು. ಇಂಗ್ಲೆಂಡಿನ ಗುರು ಜಾನ್ ನೀಡಮ್ ಕುರಿಮಾಂಸದ ಬಿಸಿ ಸಾರನ್ನು ಸೀಸೆಗೆ ಹಾಕಿ ಬಿರಡೆಯಿಂದ ಮುಚ್ಚಿಟ್ಟರು. ಕೆಲವು ದಿನಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಾರಿನ ತುಂಬ ಜೀವಿಗಳಿದ್ದವು. ಜೀವಿಗಳು ತಾವಾಗಿ ಹುಟ್ಟುತ್ತವೆ ಎಂದು ಅವರು 1748ರಲ್ಲಿ ಪ್ರಕಟಿಸಿದರು.

ಇಟಲಿಯ ಗುರು ಲಜಾರೊ ಸ್ಪಲ್ಲಾಂಜಾನಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಕಾಯಿಸಿದ್ದು ಸಾಲದು, ಬಿರಡೆಯ ಸಂದಿಯಿಂದ ಗಾಳಿಯೊಡನೆ ಜೀವಿಗಳು ಒಳಗೆ ಹೋಗಿರಬಹುದು ಎಂದು ಅವರ ಅನುಮಾನ. ಅವರು ಗಾಜಿನ ಬಾಯಿಯನ್ನೇ ಕರಗಿಸಿ ಮುಚ್ಚಿ, ಸುಮಾರು ಒಂದು ಗಂಟೆ ಕುದಿಸಿದರು. ಜೀವಿಗಳು ಕಾಣಲಿಲ್ಲ. 1765ರಲ್ಲಿ ಇದನ್ನು ಪ್ರಕಟಿಸಿದರು.

ನೀಡಮ್ ಸುಮ್ಮನಿರಲಿಲ್ಲ. ಅಷ್ಟು ಹೊತ್ತು ಕುದಿಸಿ ಸಾರಿನಲ್ಲಿದ್ದ ಜೀವಶಕ್ತಿಯನ್ನೇ ಕೊಂದಿರಿ, ಒಳಗಿನ ಗಾಳಿಯನ್ನೂ ಕೆಡಿಸಿದಿರಿ ಎಂದು ಆಕ್ಷೇಪಿಸಿದರು. ಅವರ ತೀರ್ಮಾನ ತಪ್ಪಾಗಿತ್ತು, ಆದರೆ ಆಕ್ಷೇಪದಲ್ಲಿ ನ್ಯಾಯವಿತ್ತು. ನೀಡಮ್‌ರ ಸೀಸೆಗೂ ಸ್ಪಲ್ಲಾಂಜಾನಿಯವರ ಸೀಸೆಗೂ ನಡುವೆ ಕುದಿಸಿದ ಹೊತ್ತೂ ಬೇರೆ, ಮುಚ್ಚಿದ ರೀತಿಯೂ ಬೇರೆ. ನಮ್ಮ ಹುಡುಗನ ಬೆಂಡೆ ಗಿಡದ ತೊಡಕೂ ಇದುವೇ.

ಸ್ಪಲ್ಲಾಂಜಾನಿ ಬರೀ ಮಾತಿನಿಂದ ಉತ್ತರಿಸಲಿಲ್ಲ, ಪ್ರಯೋಗ ಮಾಡಿ ತೋರಿಸಿದರು. ಬೀಜಗಳನ್ನು ನೆನೆಸಿದ ನೀರನ್ನು ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆ, ಎರಡು ಗಂಟೆ ಹೀಗೆ ಬೇರೆ ಬೇರೆ ಹೊತ್ತು ಕುದಿಸಿ, ಎಲ್ಲವನ್ನೂ ಒಂದೇ ರೀತಿ ಸಡಿಲವಾಗಿ ಮುಚ್ಚಿದರು. ಈ ಬಾರಿ ಬದಲಾದದ್ದು ಕುದಿಸಿದ ಹೊತ್ತು ಮಾತ್ರ. ಎರಡು ಗಂಟೆ ಕುದಿಸಿದ್ದರಲ್ಲಿಯೂ ಜೀವಿಗಳು ಕಾಣಿಸಿಕೊಂಡವು. ಹಾಗಾದರೆ ಕುದಿಸುವುದರಿಂದ ಸತ್ತುಹೋಗುವ ಜೀವಶಕ್ತಿ ಎಂಬುದಿಲ್ಲ ಎಂದು 1776ರ ತಮ್ಮ ಗ್ರಂಥದಲ್ಲಿ ತೋರಿಸಿದರು.

ಗಾಳಿಯ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕೆ ಉತ್ತರ ಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್, 1860ರ ಸುಮಾರಿಗೆ. ಹಂಸದ ಕೊರಳಿನಂತೆ ಬಾಗಿದ ಉದ್ದ ಕೊಳವೆಯುಳ್ಳ ಗಾಜಿನ ಪಾತ್ರೆಯಲ್ಲಿ ದ್ರಾವಣವನ್ನು ಕುದಿಸಿ, ಬಾಯಿ ಮುಚ್ಚದೆ ಇಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಕೊಳವೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ದ್ರಾವಣ ಕೆಡಲಿಲ್ಲ. ಕೊರಳನ್ನು ಮುರಿದಾಗ ಕೆಟ್ಟಿತು. ಗಾಳಿ ಎರಡಕ್ಕೂ ಇತ್ತು. ವ್ಯತ್ಯಾಸ ಧೂಳಿನದು ಮತ್ತು ಅದರೊಡನೆ ಬರುವ ಜೀವಿಗಳದು.

ಮನೆಯಲ್ಲೇ ಮಾಡಿ ನೋಡಿ

ಖರ್ಚಿಲ್ಲದ ಒಂದು ಪ್ರಯೋಗ ಹೇಳುತ್ತೇವೆ. ಪ್ರಶ್ನೆ: ಹೆಸರುಕಾಳು ಮೊಳೆಯಲು ಬೆಳಕು ಬೇಕೇ?

ಒಂದೇ ಪೊಟ್ಟಣದಿಂದ ಇಪ್ಪತ್ತು ಇಪ್ಪತ್ತು ಕಾಳು ಎಣಿಸಿ, ಒಂದೇ ಪಾತ್ರೆಯಲ್ಲಿ ರಾತ್ರಿ ನೆನೆಹಾಕಿ. ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಒದ್ದೆ ಬಟ್ಟೆ ಹಾಸಿ ಕಾಳು ಹರಡಿ. ಸಾಮಾನ್ಯವಾಗಿ ಮಕ್ಕಳು ಒಂದನ್ನು ಕಿಟಕಿಯಲ್ಲಿ, ಇನ್ನೊಂದನ್ನು ಕಪಾಟಿನಲ್ಲಿ ಇಡುತ್ತಾರೆ. ಅಲ್ಲೇ ತಪ್ಪಾಗುವುದು. ಕಿಟಕಿಯಲ್ಲಿ ಸೆಕೆ ಹೆಚ್ಚು, ಬಟ್ಟೆಯೂ ಬೇಗ ಒಣಗುತ್ತದೆ. ಆದ್ದರಿಂದ ಎರಡನ್ನೂ ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಒಂದೇ ಮೇಜಿನ ಮೇಲಿಡಿ. ಒಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಕವಚಿ. ಇನ್ನೊಂದಕ್ಕೆ ಅದೇ ಅಳತೆಯ ಡಬ್ಬಿಗೆ ಹೊರಗಿನಿಂದ ಕಪ್ಪು ಕಾಗದ ಸುತ್ತಿ ಕವಚಿ. ದಿನಕ್ಕೆ ಎರಡೆರಡು ಚಮಚ ನೀರು ಎರಡಕ್ಕೂ ಒಂದೇ ಹೊತ್ತಿಗೆ ಹಾಕಿ. ಮೊಳೆತ ಕಾಳುಗಳನ್ನು ಎಣಿಸಿ ಬರೆದಿಡಿ. 'ಚೆನ್ನಾಗಿ ಬಂತು' ಎಂದು ಬರೆದರೆ ಸಾಲದು, ಅಂಕೆ ಬೇಕು. ಒಂದೆರಡು ಕಾಳು ಹುಳುಕಾಗಿರಬಹುದು, ಅದಕ್ಕೇ ಇಪ್ಪತ್ತು. ಸಾಧ್ಯವಾದರೆ ಇನ್ನೊಮ್ಮೆ ಮಾಡಿ ನೋಡಿ.

ಬೆಳಕಿಲ್ಲದೆ ಮೊಳೆಯುವುದಿಲ್ಲ ಎಂದುಕೊಂಡ ಮಗುವಿಗೆ ಆಶ್ಚರ್ಯ ಕಾದಿದೆ. ಕತ್ತಲೆಯಲ್ಲಿಯೂ ಕಾಳು ಮೊಳೆಯುತ್ತದೆ. ಆದರೆ ಕೆಲವು ದಿನ ಬಿಟ್ಟರೆ ಕತ್ತಲೆಯ ಸಸಿ ಉದ್ದವಾಗಿ, ತೆಳ್ಳಗೆ, ಹಳದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕಿನದು ಗಿಡ್ಡವಾಗಿ, ಹಸಿರಾಗಿ ಇರುತ್ತದೆ. ಮೊಳೆಯುವುದು ಬೇರೆ, ಬೆಳೆಯುವುದು ಬೇರೆ ಎಂಬುದನ್ನು ಮಗು ತನ್ನ ಕಣ್ಣಿನಿಂದಲೇ ಕಲಿಯುತ್ತದೆ.

ಉತ್ತರವನ್ನು ತಿದ್ದಬೇಡಿ

ಹೆತ್ತವರೂ ಶಿಕ್ಷಕರೂ ಎಡವುವುದು ಇಲ್ಲಿಯೇ. "ಪುಸ್ತಕದಲ್ಲಿ ಹೀಗಿಲ್ಲ, ಟೀಚರ್ ಬೈತಾರೆ, ಅಳಿಸಿ ಬರೆ" ಎಂದು ಹೇಳುವ ಅಮ್ಮಂದಿರನ್ನು ನಾವು ಕಂಡಿದ್ದೇವೆ. ಅಂದು ಮಗು ಕಲಿಯುವುದು ವಿಜ್ಞಾನವನ್ನಲ್ಲ. ದೊಡ್ಡವರಿಗೆ ಬೇಕಾದದ್ದನ್ನು ಬರೆದರೆ ಅಂಕ ಸಿಗುತ್ತದೆ ಎಂಬುದನ್ನು. ಭಾನುವಾರ ಕ್ರಿಸ್ತೋಪದೇಶದ ತರಗತಿಯಲ್ಲಿ ಎಂಟನೆಯ ಆಜ್ಞೆಯನ್ನು ಬಾಯಿಪಾಠ ಮಾಡಿಸಿ, ಸೋಮವಾರ ಪ್ರಯೋಗದ ಪುಸ್ತಕದಲ್ಲಿ ಸುಳ್ಳು ಸಾಕ್ಷಿ ಬರೆಸಿದರೆ ಮಗು ಯಾವುದನ್ನು ನಂಬಬೇಕು? ನಿರೀಕ್ಷೆಗೆ ವಿರುದ್ಧವಾದ ಉತ್ತರ ಬಂದರೆ ಅದನ್ನೇ ಬರೆಯಲಿ. ಏಕೆ ಹೀಗಾಯಿತು, ಯಾವ ಅಂಶ ಸಮವಾಗಿರಲಿಲ್ಲ ಎಂದು ಕೆಳಗೆ ಸೇರಿಸಲಿ.

ನಮ್ಮ ಶಾಲೆಗಳ ಶಿಕ್ಷಕರಲ್ಲಿ, ಧರ್ಮಭಗಿನಿಯರಲ್ಲಿ ಮತ್ತು ವೈ.ಸಿ.ಎಸ್. ಸಚೇತಕರಲ್ಲಿ ಒಂದು ವಿನಂತಿ. ಪ್ರದರ್ಶನದಲ್ಲಿ ಅಂಕ ಕೊಡುವಾಗ ಮಾದರಿಯ ಅಂದಚಂದವನ್ನು ಬದಿಗಿಟ್ಟು ಆ ಮೂರು ಪ್ರಶ್ನೆಗಳನ್ನು ಕೇಳಿ. ಹೆತ್ತವರು ಕಾಳು, ತಟ್ಟೆ ಒದಗಿಸಲಿ. ಎಣಿಸುವುದು, ಬರೆಯುವುದು ಮಗುವೇ ಮಾಡಲಿ.

ಬೆಂಡೆ ಗಿಡದ ಹುಡುಗನಿಗೆ ಅಂದು ಬಹುಮಾನ ಸಿಗಲಿಲ್ಲ. ಎರಡು ಕುಂಡಗಳನ್ನೂ ಬಾವಿಕಟ್ಟೆಯ ಬಳಿಯೇ ಇಟ್ಟು, ಒಂದೇ ಚೊಂಬಿನಲ್ಲಿ ಅಳೆದು ನೀರು ಹಾಕಿ ಮತ್ತೊಮ್ಮೆ ನೋಡು ಎಂದು ಹೇಳಿ ಬಂದೆವು. "ಆಗಲೂ ಗೊಬ್ಬರದ್ದೇ ಗೆದ್ದರೆ ಫಾದರ್?" ಎಂದು ಕೇಳಿದ. ಆಗ ನೀನು ಹೇಳಿದ್ದನ್ನು ಎಲ್ಲರೂ ನಂಬಬಹುದು ಎಂದೆವು.