ಹಂಚಿನ ಮೇಲಿನ ಪರೀಕ್ಷೆ

ಬೇಸಿಗೆಯಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಎರೆಹೊಲ ದಾಟುವವರು ಕಾಲಡಿ ನೋಡಿಕೊಂಡೇ ನಡೆಯಬೇಕು. ನೆಲ ಅಷ್ಟು ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಕೈ ಬಿಟ್ಟರೆ ಮೊಣಕೈವರೆಗೂ ಇಳಿದೀತು. ಅದೇ ಮಣ್ಣು ಹಸ್ತಾ ಮಳೆ ಹೊಡೆದ ಮರುದಿನ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಸೀಮೆ ಇದು. ಹಿಂಗಾರಿ ಬಿತ್ತಿಗೆ ಮುಗಿಯುವ ಹೊತ್ತಿಗೆ ಆಕಾಶ ಬರಿದಾಗಿರುತ್ತದೆ. ಬಿಳಿಜೋಳ ಎದೆಮಟ್ಟ ಬೆಳೆದು ತೆನೆ ಕಟ್ಟುವುದು ನೆಲದೊಳಗೆ ಉಳಿದ ಹಸಿಯ ಮೇಲೆ.

ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಯೋಗ ಎಂದ ಕೂಡಲೇ ಬೆಂಗಳೂರಿನ ಗಾಜಿನ ಕಟ್ಟಡ, ಒಡಂಬಡಿಕೆಗೆ ಸಹಿ ಹಾಕಿ ಕೈ ಕುಲುಕುವ ಫೋಟೊ ಕಣ್ಣಿಗೆ ಬರುತ್ತವೆ. ನಮ್ಮ ಕಡೆ ಉದ್ಯಮ ಎಂದರೆ ಮೊದಲು ಒಕ್ಕಲುತನ, ಉಳಿದದ್ದೆಲ್ಲ ಆಮೇಲೆ. ಅದರ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ. 1986ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ. ಆದರೆ ಮನಗೂಳಿ, ಸಿಂದಗಿ, ಮುದ್ದೇಬಿಹಾಳದ ಮಂದಿಗೆ ಅದು ಸಿಗುವುದು ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿನಲ್ಲಿ. ಕೃಷಿ ಕಾಲೇಜು, ಪ್ರಾದೇಶಿಕ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎಲ್ಲ ಅಲ್ಲೇ. ಇಂಡಿಗೆ ಈಗ ಬೇರೆಯದೇ ವಿಜ್ಞಾನ ಕೇಂದ್ರವಿದೆ.

ಈ ಭಾಗದ ಒಣಬೇಸಾಯದ ಸಂಶೋಧನೆ 1930ರ ದಶಕದ್ದು. ಆಗ ಸೊಲ್ಲಾಪುರ, ಬಿಜಾಪುರ (ಈಗಿನ ವಿಜಯಪುರ), ರಾಯಚೂರು, ಹಗರಿಗಳಲ್ಲಿ ಕೇಂದ್ರಗಳು ತೆರೆದವು. ಒಡ್ಡು ಹಾಕಿ, ಆಳವಾಗಿ ನೇಗಿಲು ಹೊಡೆಯಿರಿ, ತೆಳ್ಳಗೆ ಬಿತ್ತಿ ಮೇಲಿಂದ ಮೇಲೆ ಎಡೆ ಹೊಡೆಯಿರಿ ಎಂಬುದು ಆಗಿನ ‘ಮುಂಬಯಿ ಪದ್ಧತಿ’. ಖರ್ಚಿಗೆ ತಕ್ಕ ಇಳುವರಿ ಕಾಣದೆ ರೈತರು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ತಪ್ಪು ರೈತರದೆಂದು ನನಗೆ ಅನ್ನಿಸುವುದಿಲ್ಲ. ಹೇಳುವವರು ಇದ್ದರು, ಕೇಳಿಸಿಕೊಳ್ಳುವವರು ಕಡಿಮೆ.

1970ರಲ್ಲಿ ಅಖಿಲ ಭಾರತ ಸಮನ್ವಯ ಒಣಬೇಸಾಯ ಯೋಜನೆ ಬಂತು. ಹೈದರಾಬಾದಿನಿಂದ ನಡೆಯುವ ಈ ಜಾಲದಲ್ಲಿ ಬಿಜಾಪುರವೂ ಒಂದು ಕೊಂಡಿಯಾಯಿತು. ಸೊಲ್ಲಾಪುರದ ಎರೆಮಣ್ಣಿನಲ್ಲಿ ಕಂಡದ್ದು ಇಲ್ಲಿ ನಡೆಯುತ್ತದೆಯೇ, ಇಲ್ಲಿ ಸೋತದ್ದು ಬಳ್ಳಾರಿಯಲ್ಲಿ ಗೆದ್ದೀತೇ ಎಂದು ತಾಳೆ ನೋಡಲು ದಾರಿಯಾಯಿತು. ಇದರಲ್ಲಿ ಊರೂರಿಗೆ ಮುಟ್ಟಿದ್ದು ಚೌಕು ಮಡಿ. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಮೂರು, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಸಣ್ಣ ಬದು ಹಾಕಿ ಕಟ್ಟುವುದು, ಅಷ್ಟೇ. ಬಿರುಮಳೆ ಬಿದ್ದರೆ ನೀರು ಡೋಣಿ ಹೊಳೆಗೆ ಓಡುವ ಬದಲು ಚೌಕಚೌಕದಲ್ಲೂ ನಿಲ್ಲುತ್ತದೆ. ಸಂಜೆಯ ಬೆಳಕಿನಲ್ಲಿ ದೂರದಿಂದ ನೋಡಿದರೆ ಹೊಲಕ್ಕೆ ಕಿಟಕಿಗಾಜು ಹಾಸಿದಂತೆ. ಎರಡು ದಿನದಲ್ಲಿ ನೀರು ಇಂಗುತ್ತದೆ, ಆಮೇಲೆ ಹರಗಿ ಕೂರಿಗೆ ಹೂಡುತ್ತಾರೆ. ಮೊದಲೆಲ್ಲ ಎತ್ತಿನ ಕೆಲಸ. ಈಗ ಟ್ರ್ಯಾಕ್ಟರಿಗೆ ಬದು ಹಾಕುವ ಸಲಕರಣೆ ಕಟ್ಟುತ್ತಾರೆ. ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಯವರಿಗೂ ಹೀಗೆ ವಿಶ್ವವಿದ್ಯಾಲಯದ ನಂಟು ಇದೆ, ಅವರಿಗೆ ಗೊತ್ತಿಲ್ಲದಿದ್ದರೂ.

ತಳಿಯ ಕತೆ ಇಷ್ಟು ಸಲೀಸಲ್ಲ. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಂದಾಗ ಮುಂಗಾರಿ ಸೀಮೆಯಲ್ಲಿ ಕಾಳಿನ ರಾಶಿಯೇನೋ ಬೆಳೆಯಿತು. ನಮ್ಮ ಹಿಂಗಾರಿ ಸೀಮೆ ಮಾತ್ರ ಮಾಲದಂಡಿಯನ್ನು ಬಿಡಲಿಲ್ಲ. ಎಂ 35-1 ಎಂಬ ಆ ತಳಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆರಿಸಿದ್ದು. ಯಾಕೆ ಬಿಡಲಿಲ್ಲ ಎಂದು ತಿಳಿಯಲು ಅಡುಗೆಮನೆಗೆ ಹೋಗಬೇಕು. ಎಸರು ಕುದಿಸಿ ಹಿಟ್ಟಿಗೆ ಹೊಯ್ದು, ನಾದಿ, ಅಂಗೈಯಲ್ಲಿ ಬಡಿಯುತ್ತ ತಿರುಗಿಸುವಾಗ ಅಂಚು ಹರಿಯಬಾರದು. ಹಂಚಿನ ಮೇಲೆ ನೀರು ಸವರಿ ಮಗುಚಿದರೆ ಉಬ್ಬಬೇಕು. ಮುಂಜಾನೆ ಬುತ್ತಿ ಕಟ್ಟಿದ್ದು ಮಧ್ಯಾಹ್ನ ಹೊಲದಲ್ಲಿ ಬಿಚ್ಚಿದಾಗಲೂ ಮೆತ್ತಗಿರಬೇಕು. “ಜ್ವಾಳ ಛಲೋನ ಬರ್ತೈತ್ರಿ ಸಾಹೇಬ್ರ, ಆದ್ರ ರೊಟ್ಟಿ ಹರೀತಾವು” ಎಂದು ಮನೆಯವರು ಅಂದರೆ ಇಳುವರಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಮೇಲೆ ಎತ್ತಿನದೂ ಒಂದು ಮತ: ಕಣಿಕೆ ಗಿಡ್ಡಾದರೆ ದನಕ್ಕೇನು ಹಾಕುವುದು?

ಈ ‘ಒಲ್ಲೆ’ ಫಾರ್ಮಿಗೆ ಮುಟ್ಟಿದ್ದೇ ದೊಡ್ಡ ಮಾತು. ಕಾಳಿನ ಜೊತೆ ಕಣಿಕೆ ಮತ್ತು ರೊಟ್ಟಿಯ ಗುಣವನ್ನೂ ತೂಗಿ ನೋಡುವುದು ಹಿಂಗಾರಿ ಜೋಳದ ಸಂಶೋಧನೆಗೆ ರೂಢಿಯಾಯಿತು. ವಿಜಯಪುರ ಕೇಂದ್ರದ್ದೇ ಆದ ಬಿಜೆವಿ-44 ಬಂದದ್ದು ಆ ದಾರಿಯಲ್ಲಿ. ಕೃಷಿ ವಿಜ್ಞಾನ ಕೇಂದ್ರದವರು ಹೊಸ ತಳಿಯನ್ನು ರೈತನ ಹೊಲದಲ್ಲೇ, ಅವನ ಹಳೆಯ ತಳಿಯ ಮಗ್ಗುಲಲ್ಲೇ ಬಿತ್ತಿಸುತ್ತಾರೆ. ಬದುವಿನ ಮೇಲೆ ನಿಂತು ನೋಡುವ ನೆರೆಹೊಲದವರ ಬಾಯಿ ಯಾರಿಂದಲೂ ಮುಚ್ಚಲಾಗದು.

ಒಪ್ಪಿಗೆಯಾದ ತಳಿ ಚೀಲದ ಚೀಟಿಯ ಬಣ್ಣದಲ್ಲಿ ಮುಂದೆ ಸಾಗುತ್ತದೆ. ವಿಶ್ವವಿದ್ಯಾಲಯದ ತಳಿವರ್ಧಕ ಬೀಜಕ್ಕೆ ಹಳದಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ, ರೈತ ಕೊಳ್ಳುವ ಪ್ರಮಾಣಿತ ಬೀಜಕ್ಕೆ ನೀಲಿ. ನಡುವೆ ಬೀಜ ನಿಗಮ, ಖಾಸಗಿ ಕಂಪನಿಗಳು, ಬೀಜೋತ್ಪಾದನೆಗೆ ಹೊಲ ಕೊಡುವ ರೈತರು. ಕಡಲೆಯ ಜೆಜಿ-11 ಇನ್ನೂ ದೂರದ ನೆಂಟ: ಜಬಲ್ಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಇಕ್ರಿಸ್ಯಾಟ್ ಸೇರಿ 1999ರಲ್ಲಿ ಕೊಟ್ಟದ್ದು ನಮ್ಮ ಎರೆಗೆ ಬಂದು ಅಣ್ಣಿಗೇರಿ ಕಡಲೆಯ ಜಾಗ ಹಿಡಿಯಿತು.

ಸಂಶೋಧನೆಗೆ ರೈತರು ಹೊಲ ಕೊಡುವಂತೆ, ವಿದ್ಯೆಗೆ ಊರು ಹೆಗಲು ಕೊಡುವುದು ಇಲ್ಲಿ ಹಳೆಯ ರೂಢಿ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಬರುತ್ತಿದ್ದರು, ಇರಲು 27 ಮನೆಗಳಿದ್ದವು. ಊರಲ್ಲಿ ಮದುವೆಯಾದರೆ ಐದು, ಮುಂಜಿಗೆ ಎರಡೂವರೆ ನಾಣ್ಯ ಶಾಲೆಗೆ ಸಲ್ಲಬೇಕೆಂದು ಶಾಸನ ಹೇಳುತ್ತದೆ. ಮನಗೂಳಿಯ 12ನೇ ಶತಮಾನದ ಶಾಸನದಲ್ಲಿಯೂ ಕೌಮಾರ ವ್ಯಾಕರಣ ಕಲಿಸುವವನಿಗೆ ಭೂಮಿಯ ದತ್ತಿ ಇದೆ.

ಈಗ ಆಲಮಟ್ಟಿಯ ನೀರು ಮುಳವಾಡ ಏತ ನೀರಾವರಿಯ ಕಾಲುವೆಗಳಲ್ಲಿ ಬಂದಿದೆ. ಜೋಳದ ಹೊಲಗಳಲ್ಲಿ ಕಬ್ಬು ನಿಂತಿದೆ. ಚೌಕು ಮಡಿ ಕೇಳುವವರು ಕಾಲುವೆ ಮುಟ್ಟದ ಮೇಲ್ಭಾಗದವರು. ಎರೆಮಣ್ಣಿಗೆ ನೀರು ಹೆಚ್ಚಾದರೆ ಸವಳು ಏರುತ್ತದೆ, ಬೇಸಿಗೆಯಲ್ಲಿ ಸಾಲಿನ ಮೇಲೆ ಬೂದಿ ಚೆಲ್ಲಿದಂತೆ ಬಿಳುಪು ಕೂರುತ್ತದೆ. ನೀರು ನಿಲ್ಲಿಸುವುದು ಹೇಗೆಂದು ಅಪ್ಪ ಕೇಳಿಕೊಂಡು ಹೋಗಿದ್ದ ಕೇಂದ್ರಕ್ಕೆ ಮಗ ಒಂದು ಕಿಲೋ ಮಣ್ಣು ಚೀಲದಲ್ಲಿ ಕಟ್ಟಿಕೊಂಡು ಹೊರಡುತ್ತಾನೆ, ಬಸಿಗಾಲುವೆ ಎಷ್ಟು ಆಳ ತೋಡಬೇಕೆಂದು ಕೇಳಲು.